ನಮ್ಮ ಕುದುರೆ ಲದ್ದಿಯ ವಿಚಾರ

ಹೊನ್ಕಲಾ, ಮಿಷಿಗನ್
ಗುರುವಾರ, ಆಗಸ್ಟ್ ೨೧

ಪ್ರೀತಿಯ ಉರ್ಹೋ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಕಬ್ಬಿಣದ ಮೆಟ್ಟಿಲನ್ನು ದಿನಕ್ಕೆ ನಲವತ್ತು ಸಲ ಹತ್ತಿ ಇಳಿದು ನೋವು ಕಡಿಮೆಯಾಗಿದೆ ಎಂದು ಬರೆದರೆ ನಾನು ನಂಬುವವಳಲ್ಲ, ಇದ್ದದ್ದನ್ನೇ ಬರೆ. ಹೊಸ ಅಡುಗೆಯವನು ಮೀನಿನ ಸಾರಿಗೆ ಟೊಮೆಟೊ ಹಾಕುತ್ತಾನೆ ಎಂದಿದ್ದೆಯಲ್ಲ, ಅವನನ್ನು ಇನ್ನೂ ಸರೋವರಕ್ಕೆ ತಳ್ಳಿಲ್ಲವೆ? ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಹೋದ ತಿಂಗಳು ಸ್ವಲ್ಪ ಏರಿತ್ತು, ಯಾಕೆ ಎಂಬುದು ಈ ಪತ್ರ ಮುಗಿಯುವಷ್ಟರಲ್ಲಿ ನಿನಗೆ ಗೊತ್ತಾಗುತ್ತದೆ. ಕುದುರೆಗಳು, ಪೊಯ್ಯು ಮತ್ತು ರೂಸು, ಚೆನ್ನಾಗಿ ಮೇಯುತ್ತಿವೆ. ಪೊಯ್ಯುವಿನ ಹಿಂಗಾಲಿನ ಗಾಯ ಮಾಯ್ದಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಎಂಜಿನ್ ಸದ್ದಿನ ನಡುವೆ "ಏನು? ಏನು?" ಎಂದು ಕೂಗುತ್ತಿರುವಾಗ ಹೇಳುವಂಥ ಸುದ್ದಿಯಲ್ಲ ಇದು. ನಿಮ್ಮ ಹಡಗು ಡೆಟ್ರಾಯಿಟ್ ದಾಟುವಾಗ ಅಂಚೆ ದೋಣಿಯವರು ಈ ಪತ್ರವನ್ನು ಬಕೆಟ್ಟಿನಲ್ಲಿ ಮೇಲಕ್ಕೆ ಕಳಿಸಿರುತ್ತಾರೆ. ಕೂತುಕೊಂಡು ಓದು.

ಜನವರಿಯಲ್ಲಿ ನೀನು ಮನೆಯಲ್ಲಿದ್ದಾಗ ಚರ್ಚಿನ ಕಾಫಿಗೆ ಸ್ವಂತ ಲೋಟ ತಂದಿದ್ದನಲ್ಲ, ಆ ಆಸಾಮಿ ನೆನಪಿದ್ದಾನೆಯೆ? ಡೆಲ್ಬರ್ಟ್ ಪ್ರೂಯಿಟ್. ದಕ್ಷಿಣದ ಯಾವುದೋ ನಗರದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಕೆಲಸದಲ್ಲಿದ್ದು, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹಳೆಯ ಶಾಲೆಯ ಪಕ್ಕದ ಮನೆ ಕೊಂಡವನು. ಚರ್ಚಿನ ಹಿಂದಿನ ಜಾಗದಲ್ಲಿ ಊರಿನ ಹದಿನೆಂಟು ಮನೆಯವರು ತರಕಾರಿ ಮಾಡುತ್ತಾರಲ್ಲ, ಅವರಿಗೆ ಹೋದ ವರ್ಷ ಸೆಪ್ಟೆಂಬರಿನಲ್ಲಿ ಇವನು ಐದು ಶನಿವಾರ ಕಾಂಪೋಸ್ಟ್ ಮಾಡುವ ಪಾಠ ಹೇಳಿದ. ಪಾಠ. ಕೊಳೆಯುವುದನ್ನು ಯಾರಾದರೂ ಕಲಿಸಿಕೊಡಬೇಕೆ? ನನ್ನ ಅಮ್ಮ ಸಿಪ್ಪೆ, ಸೊಪ್ಪು, ಬೂದಿ ಎಲ್ಲವನ್ನೂ ಕೊಟ್ಟಿಗೆಯ ಹಿಂದೆ ಎಸೆಯುತ್ತಿದ್ದಳು, ಅದರ ಪಾಡಿಗೆ ಅದು ಕಪ್ಪು ಮಣ್ಣಾಗುತ್ತಿತ್ತು, ಯಾರೂ ಅದಕ್ಕೆ ಜ್ವರ ನೋಡುತ್ತಿರಲಿಲ್ಲ. ಈ ಪುಣ್ಯಾತ್ಮ ತನ್ನ ಎದೆಯುದ್ದದ ಥರ್ಮಾಮೀಟರನ್ನು ತಿಪ್ಪೆಗೆ ಚುಚ್ಚಿ, "ನೂರ ನಲವತ್ತು ಫ್ಯಾರನ್‌ಹೀಟ್ ಆಯ್ತು, ಈಗ ಮಗುಚಬೇಕು" ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ಪದರ ಒಣಗಿದ್ದು, ಒಂದು ಪದರ ಹಸಿಯದು. ಒಂದು ಹಿಡಿ ತೆಗೆದು ಹಿಂಡಿದರೆ ಎರಡೇ ಹನಿ ನೀರು ಬೀಳಬೇಕು, ಮೂರು ಬಿದ್ದರೆ ಮುಖ ಸಣ್ಣದು ಮಾಡುತ್ತಿದ್ದ. ಸಾಲದ್ದಕ್ಕೆ ಎಲ್ಲರ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿಸುತ್ತಿದ್ದ. ನಮ್ಮವರೂ ನೋಡುತ್ತಿದ್ದರು, ಅಷ್ಟು ಜನ ದೊಡ್ಡವರು, ಸಾಲಾಗಿ ನಿಂತು.

ನನಗೆ ಅಲ್ಲಿ ಒಂದು ಪಾತಿಯೂ ಇಲ್ಲ. ನನ್ನ ಹಿತ್ತಲಿಗೆ ನನ್ನ ಕೋಳಿಗೊಬ್ಬರ ಸಾಕು. ಆದರೂ ಎರಡು ಶನಿವಾರ ಹೋಗಿದ್ದೆ, ನಗುವುದಕ್ಕೆ. ಒಂದು ಸಲ ಅವನು ಹೇಳಿದ, "ಒಂದು ಚಮಚ ಒಳ್ಳೆ ಮಣ್ಣಲ್ಲಿ ಈ ಭೂಮಿ ಮೇಲಿರೋ ಜನಕ್ಕಿಂತ ಹೆಚ್ಚು ಜೀವಿಗಳು ಇರ್ತಾವೆ." ನಾನು ಹಿಂದಿನಿಂದ, "ಹಾಗಾದ್ರೆ ಅವರನ್ನೂ ಚರ್ಚಿಗೆ ಸೇರಿಸ್ಕೊಳ್ಳಿ, ಭಾನುವಾರ ಬೆಂಚುಗಳೆಲ್ಲ ಖಾಲಿ ಬಿದ್ದಿರ್ತವೆ" ಎಂದೆ. ಪಾದ್ರಿಯೂ ನಕ್ಕರು. ಡೆಲ್ಬರ್ಟನೂ ನಕ್ಕ, ಎಲ್ಲರಿಗಿಂತ ತಡವಾಗಿ. ಬೈದರೆ ತಿರುಗಿ ಬೈಯದವರನ್ನು ಕಂಡರೆ ನನಗೆ ಆಗುವುದಿಲ್ಲ, ನಿನಗೇ ಗೊತ್ತು.

ಆ ಪಾಠಕ್ಕೆ ಅವನಿಗೆ ಕುದುರೆ ಲದ್ದಿ ಬೇಕಾಗಿತ್ತು. ನಮ್ಮ ಮನೆಗೆ ಬಂದು ಟೋಪಿ ಕೈಯಲ್ಲಿ ಹಿಡಿದು ಕೇಳಿದ. "ತಗೊಂಡು ಹೋಗಪ್ಪ, ಎಷ್ಟು ಬೇಕಾದ್ರೂ. ನಮ್ಮ ಕುದುರೆಗಳು ಇಷ್ಟು ವರ್ಷ ಓದುಬರಹ ಇಲ್ದೆ ಹಾಕ್ತಿದ್ವು, ನೀನಾದ್ರೂ ಅದಕ್ಕೊಂದು ಪದವಿ ಕೊಡ್ಸು" ಎಂದೆ. ಅವನು ಗಾಡಿಗೆ ತುಂಬುವ ಮೊದಲು ನಿಂತು ಒಂದು ಮಾತು ಕೇಳಿದ. ಈ ಪತ್ರದಲ್ಲಿ ನೀನು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೋ. "ಹೆಲ್ಮಿಯವರೇ, ಇವು ತಿನ್ನೋ ಹುಲ್ಲಿಗೆ ಏನಾದ್ರೂ ಕಳೆನಾಶಕ ಹೊಡೆದಿದೀರಾ?" ಎಂದು ಕೇಳಿದ. ನಾನು ಹೇಳಿದೆ, "ಅದು ನನ್ನ ಮಾವನ ಕಾಲದ ಹುಲ್ಲುಗಾವಲು. ವಿಷ ಗಿಷ ಎಲ್ಲ ನಿಮ್ಮ ಪಟ್ಟಣದಲ್ಲಿ." ಅವನು ತಲೆಯಾಡಿಸಿ ನಾಲ್ಕು ಗಾಡಿ ತುಂಬಿಕೊಂಡು ಹೋದ.

ಮೇ ತಿಂಗಳಲ್ಲಿ ಆ ಗೊಬ್ಬರವನ್ನು ಎಲ್ಲ ಪಾತಿಗಳಿಗೂ ಮೂರು ಮೂರು ಅಂಗುಲ ಹರಡಿದರು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ, ಚಾಕೊಲೇಟ್ ಕೇಕಿನ ಪುಡಿಯ ಹಾಗೆ. ಜೂನ್ ಕೊನೆಗೆ ಟೊಮೆಟೊ ಗಿಡಗಳ ಎಲೆ ಒಳಕ್ಕೆ ಸುರುಳಿಯಾಗಲು ಶುರುವಾಯಿತು, ವಸಂತದಲ್ಲಿ ಜರೀಗಿಡದ ತುದಿ ಸುತ್ತಿಕೊಂಡಿರುತ್ತದಲ್ಲ, ಹಾಗೆ. ಆಮೇಲೆ ಬಟಾಣಿ, ಬೀನ್ಸ್, ಕೊನೆಗೆ ಆಲೂಗಡ್ಡೆ. ಮುಸುಕಿನ ಜೋಳ ಮತ್ತು ಎಲೆಕೋಸು ಮಾತ್ರ ಏನೂ ಆಗದವರ ಹಾಗೆ ನಿಂತಿದ್ದವು. ಮೊದಲು ಚಳಿ ಎಂದರು, ಆಮೇಲೆ ರೋಗ ಎಂದರು, ಜುಲೈ ಎರಡನೇ ವಾರದ ಹೊತ್ತಿಗೆ ಡೆಲ್ಬರ್ಟ್ ಎಂದರು. ಸೈಮಿ ಲಾಹ್ತಿ ಎಂಬತ್ತನಾಲ್ಕನೇ ವಯಸ್ಸಿನಲ್ಲಿ ನಾಲ್ಕು ಸಾಲು ಆಲೂಗಡ್ಡೆ ಹಾಕಿದ್ದಳು, ಅವಳ ಇಡೀ ಚಳಿಗಾಲದ ಊಟ. ಮಂಡಿಯೂರಿ ಒಂದೊಂದೇ ಗಿಡ ಕಿತ್ತು ಚೀಲಕ್ಕೆ ತುಂಬುತ್ತಿದ್ದಳು. ಕೆಳಗಿದ್ದದ್ದು ಗೋಲಿಯಷ್ಟು ದಪ್ಪದ ಗಂಟುಗಳು. ಅವಳು ಅಳಲಿಲ್ಲ. ಅತ್ತಿದ್ದರೆ ನೋಡುವವರಿಗೆ ಸುಲಭವಾಗುತ್ತಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದರು. ನಾನು ಹೋದೆ. ಹೋಗುವಾಗ ನನ್ನ ಹಿತ್ತಲಿನ ಬಟಾಣಿಯನ್ನು ಬಿಡಿಸಿ ನಿನ್ನ ಅಮ್ಮನ ನೀಲಿ ಬಟ್ಟಲಿನ ತುಂಬ ಹಾಕಿಕೊಂಡು ಹೋದೆ. ಡೆಲ್ಬರ್ಟ್ ಎದ್ದು ನಿಂತು, "ಗೊಬ್ಬರದ ಒಳಗೆ ಯಾವುದೋ ಕಳೆನಾಶಕ ಬಂದು ಸೇರಿರಬೇಕು. ಎಲ್ಲಿಂದ ಅಂತ ಇನ್ನೂ ಗೊತ್ತಿಲ್ಲ. ನನಗೆ ಮೂರು ವಾರ ಕೊಡಿ, ಪರೀಕ್ಷೆ ಮಾಡಿ ಹೇಳ್ತೀನಿ" ಎಂದ. ನಾನು ಬಟ್ಟಲನ್ನು ಮೇಜಿನ ಮಧ್ಯಕ್ಕೆ ತಳ್ಳಿ ಹೇಳಿದೆ, "ಪರೀಕ್ಷೆ ಬೇಕಾದ್ರೆ ಇಲ್ಲಿದೆ. ಜ್ವರ ನೋಡ್ದೆ, ಪುಸ್ತಕದಲ್ಲಿ ಬರೀದೆ, ಸುಮ್ನೆ ಬೆಳೆದಿರೋ ಬಟಾಣಿ. ಎಲ್ರೂ ಒಂದೊಂದು ಹಿಡಿ ತಗೊಳ್ಳಿ, ಈ ವರ್ಷ ನಿಮಗೆ ಸಿಗೋದು ಇಷ್ಟೇ." ಜನ ನಕ್ಕರು. ಸೈಮಿ ನಗಲಿಲ್ಲ, ಬಟಾಣಿಯನ್ನೂ ಮುಟ್ಟಲಿಲ್ಲ. ತೋಟದ ಗೇಟಿನ ಬೀಗದ ಕೈ ಅವನ ಹತ್ತಿರ ಇತ್ತು, ಅದನ್ನು ವಾಪಸ್ಸು ಕೇಳಿದರು. ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ತನ್ನ ಲೋಟ ತೊಳೆದು, ಒರೆಸಿ, ತೆಗೆದುಕೊಂಡು ಹೋದ. ನಾನು ಮನೆಗೆ ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದೆ. ನೀನು ಇದ್ದಿದ್ದರೆ, "ಸಾಕು ಮಾಡು ಹೆಲ್ಮಿ" ಎನ್ನುತ್ತಿದ್ದೆ. ನೀನು ಇರಲಿಲ್ಲ.

ಮೂರು ವಾರ ಕಳೆಯುವ ಮೊದಲೇ, ಜುಲೈ ಕೊನೆಯ ದಿನ ಬೆಳಿಗ್ಗೆ, ನಾನು ಕೋಳಿಗಳಿಗೆ ಕಾಳು ಹಾಕುತ್ತಿದ್ದಾಗ ಅವನು ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಕೇಕು ಬೇಯಿಸುವ ತಟ್ಟೆ, ಅದರಲ್ಲಿ ಏಳು ಕಾಗದದ ಲೋಟ, ಒಂದೊಂದರಲ್ಲೂ ಮೂರು ಮೂರು ಬೀನ್ಸ್ ಸಸಿ. ತಿಪ್ಪೆಗೆ ಹಾಕಿದ್ದ ಒಂದೊಂದು ಪದಾರ್ಥವನ್ನೂ ಬೇರೆ ಬೇರೆ ಹುಡುಕಿ ತಂದು, ಬೇರೆ ಬೇರೆ ಲೋಟದಲ್ಲಿ ಮಣ್ಣಿನ ಜೊತೆ ಬೆರೆಸಿ ಬೀಜ ಹಾಕಿದ್ದ. ಮೇಪಲ್ ತರಗೆಲೆ, ಮರದ ಪುಡಿ, ಚರ್ಚಿನ ಕಾಫಿ ಚರಟ, ಅಡುಗೆಮನೆಯ ಸಿಪ್ಪೆ, ಕತ್ತರಿಸಿದ ಹುಲ್ಲು, ಬರಿಯ ಮಣ್ಣು. ಆರು ಲೋಟದ ಸಸಿಗಳು ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಏಳನೆಯದರಲ್ಲಿ ಎಲೆಗಳು ಮುಷ್ಟಿ ಕಟ್ಟಿಕೊಂಡಿದ್ದವು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ನಮ್ಮ ಮನೆಯ ಹೆಸರು. ನಾವು ಕೊಟ್ಟ ಲದ್ದಿಯಲ್ಲಿ ಒಂದು ಬಕೆಟ್ ಉಳಿದಿತ್ತಂತೆ.

"ಯಾರಿಗೂ ತೋರಿಸಿಲ್ಲ," ಎಂದ. "ಮೊದಲು ನಿಮ್ಮ ಹತ್ರ ಬಂದೆ."

ನಾನು ಏನೆಂದೆ ಎಂಬುದನ್ನು ಪೂರ್ತಿ ಬರೆಯುವುದಿಲ್ಲ. "ನಿನ್ನ ತಪ್ಪಿಗೆ ನನ್ನ ಕುದುರೆ ಬಾಲ ಹಿಡ್ಕೊಂಡು ತೂಗಾಡ್ಬೇಡ" ಎಂದದ್ದು ಅದರಲ್ಲಿ ಮರ್ಯಾದೆಯ ಭಾಗ. ಅವನು ತಟ್ಟೆಯಲ್ಲಿ ವಾಲಿದ್ದ ಒಂದು ಲೋಟವನ್ನು ನೆಟ್ಟಗೆ ಮಾಡಿದ. "ನನ್ನ ಮಾತು ನಂಬಬೇಡಿ. ನೀವೇ ಒಂದ್ಸಲ ಹಾಕಿ ನೋಡಿ. ನಿಮ್ಮ ಮಣ್ಣು, ನಿಮ್ಮ ಬೀಜ" ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದ.

ಹಾಕಿದೆ. ಅವನ ಮುಖಕ್ಕೆ ಹಿಡಿಯಬೇಕೆಂದೇ ಹಾಕಿದೆ. ಮೂರು ಲೋಟಕ್ಕೆ ಕಾಡಂಚಿನ ಮಣ್ಣು, ಮೂರು ಲೋಟಕ್ಕೆ ಅದೇ ಮಣ್ಣಿನ ಜೊತೆ ಕೊಟ್ಟಿಗೆ ಹಿಂದಿನ ಹಳೆಯ ಲದ್ದಿ. ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ಇಟ್ಟೆ. ಆರನೇ ದಿನ ಎಲ್ಲವೂ ಮೊಳೆತವು, ಮೊದಲ ಎರಡೆರಡು ಎಲೆ ಚೆನ್ನಾಗಿಯೇ ಬಿಚ್ಚಿಕೊಂಡವು. ನಾನು ಕಾಫಿ ಹಿಡಿದು ಅವುಗಳ ಮುಂದೆ ನಿಂತು, ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಹನ್ನೊಂದನೇ ದಿನ ಲದ್ದಿಯ ಲೋಟಗಳಲ್ಲಿ ಮುಂದಿನ ಎಲೆ ಬಂತು, ಮಡಚಿಕೊಂಡೇ ಬಂತು. ಮೂರೂ ಲೋಟದಲ್ಲಿ. ಕಾಡಿನ ಮಣ್ಣಿನಲ್ಲಿದ್ದವು ಅಂಗೈಯಗಲ ಎಲೆ ಬಿಟ್ಟಿದ್ದವು.

ಎರಡು ವರ್ಷದ ಹಿಂದಿನ ಜೂನಿನಲ್ಲಿ ಉತ್ತರದ ಹುಲ್ಲುಗಾವಲಿಗೆ ಮುಳ್ಳುಗಿಡ ನುಗ್ಗಿತ್ತಲ್ಲ, ಆಗ ನಾನು ಅಂಗಡಿಯಿಂದ ಒಂದು ಡಬ್ಬ ಕಳೆನಾಶಕ ತಂದು ಹೊಡೆದಿದ್ದೆ. ನಿನಗೆ ಫೋನಿನಲ್ಲಿ ಹೇಳಿದ್ದೆ. "ಡಬ್ಬದ ಮೇಲೆ ಬರೆದಿರೋದನ್ನ ಓದು" ಎಂದಿದ್ದೆ ನೀನು. "ಓದಿದೀನಿ" ಎಂದಿದ್ದೆ ನಾನು. ಓದಿರಲಿಲ್ಲ. ಈಗ ಹೋಗಿ ಕೊಟ್ಟಿಗೆಯ ಅಟ್ಟದಿಂದ ಅದನ್ನು ಇಳಿಸಿ, ಧೂಳು ಒರೆಸಿ, ಭೂತಗನ್ನಡಿ ಹಿಡಿದು ಓದಿದೆ. ಹುಲ್ಲಿಗೆ ಏನೂ ಆಗುವುದಿಲ್ಲ, ತಿಂದ ಪ್ರಾಣಿಗೂ ಏನೂ ಆಗುವುದಿಲ್ಲ, ಆದರೆ ಅದು ಹೊಟ್ಟೆಯೊಳಗಿನಿಂದ ಹಾಗೆಯೇ ದಾಟಿ ಬರುತ್ತದೆ, ಆ ಸಗಣಿಯನ್ನು ತರಕಾರಿಗೆ ಹಾಕಬೇಡಿ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದೆ. ತಿಪ್ಪೆಯ ಬಿಸಿಗೂ ಅದು ಬೇಗ ಸಾಯುವುದಿಲ್ಲವಂತೆ. ಡೆಲ್ಬರ್ಟ್ ಕೇಳಿದಾಗ ನನಗೆ ಮರೆತಿತ್ತು ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ ಉರ್ಹೋ. ಅವನು ಕೇಳಿದ ಕ್ಷಣವೇ ನೆನಪಾಗಿತ್ತು. ಟೋಪಿ ಕೈಯಲ್ಲಿ ಹಿಡಿದುಕೊಂಡ ಪಟ್ಟಣದವನೊಬ್ಬ ನನ್ನ ಕೊಟ್ಟಿಗೆಯಲ್ಲಿ ನಿಂತು ನನ್ನನ್ನು ಪ್ರಶ್ನೆ ಕೇಳುತ್ತಾನಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಅದಾದ ಮೇಲೆ ನಾನು ಮಾಡಿದ ಘನಕಾರ್ಯ ಕೇಳು. ಮೂರು ದಿನ ಏನೂ ಮಾಡಲಿಲ್ಲ. ಮನೆಯ ಕಿಟಕಿಗಳನ್ನೆಲ್ಲ ಉಜ್ಜಿದೆ. ಬೇಡದಿದ್ದರೂ ಏಲಕ್ಕಿ ಬ್ರೆಡ್ ಮಾಡಿ ಕೋಳಿಗೆ ಹಾಕಿದೆ. ಮನಸ್ಸಿನಲ್ಲೇ ಅವನನ್ನು ಇನ್ನಷ್ಟು ಬೈದೆ. ಅವನು ಊರಿಗೆಲ್ಲ ಸಾರಿಬಿಟ್ಟಿದ್ದರೆ ನಾನು ಜಗಳಕ್ಕೆ ಬಿದ್ದು, ಕಿರುಚಿ, ಅರ್ಧ ಊರನ್ನು ನನ್ನ ಕಡೆ ಮಾಡಿಕೊಳ್ಳುತ್ತಿದ್ದೆ. ಆ ಮನುಷ್ಯ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ನನ್ನ ಕೈಗೇ ಬಿಟ್ಟಿದ್ದ. ನನ್ನಂಥವಳ ಕೈಗೆ. ಇಷ್ಟು ವರ್ಷ ನಾನು ದಡ್ಡರು ದಡ್ಡರು ಎಂದು ಊರವರನ್ನೆಲ್ಲ ಅಂದಿದ್ದೇನಲ್ಲ, ಅವರಲ್ಲಿ ಒಬ್ಬರೂ ಹದಿನೆಂಟು ಮನೆಯ ಊಟಕ್ಕೆ ವಿಷ ಹಾಕಿ, ಆಮೇಲೆ ಬಟ್ಟಲು ಹಿಡಿದು ಮೆರೆದಿರಲಿಲ್ಲ.

ಹೋದ ಗುರುವಾರ ಅಂಗಡಿಗೆ ಹೋಗಿದ್ದೆ. ಸೈಮಿ ಅಲ್ಲಿ ಆಲೂಗಡ್ಡೆಯ ಚೀಲಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು, ಯಾವುದೂ ಅವಳಿಗೆ ಹಿಡಿಸುತ್ತಿರಲಿಲ್ಲ. "ಆ ಡೆಲ್ಬರ್ಟ್ ಮನೆ ಮಾರ್ತಾನಂತೆ. ಹೋಗ್ಲಿ ಬಿಡು. ನನ್ನ ಚಳಿಗಾಲ ತಿಂದ" ಎಂದಳು. ನನ್ನ ಬಾಯಿಂದ ಬಂದುಬಿಟ್ಟಿತು: "ಸೈಮಿ, ಅವನಲ್ಲ. ನಾನು." ಈರುಳ್ಳಿ ರಾಶಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಡಬ್ಬ, ಹುಲ್ಲು, ಅವನು ಕೇಳಿದ್ದು, ನಾನು ಹೇಳಿದ್ದು. ಅವಳು ಕೇಳಿ ಮುಗಿಸಿ, ಹತ್ತು ಪೌಂಡಿನ ಚೀಲವನ್ನು ಎತ್ತಿ ನನ್ನ ತೋಳಿಗೆ ಹಾಕಿದಳು. "ಹೊತ್ಕೊಂಡು ಬಾ." ಕಾರಿನವರೆಗೂ ಹೊತ್ತೆ. ಕಾರಿನಲ್ಲಿ ಕೂತು, ಕಿಟಕಿ ಇಳಿಸಿ, ನನ್ನ ಮುಖವನ್ನೂ ನೋಡದೆ ಹೇಳಿದಳು, "ಭಾನುವಾರ ಎಲ್ರ ಮುಂದೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಕಾಫಿಯ ಹೊತ್ತಿನಲ್ಲಿ, ಅದೇ ನೆಲಮಾಳಿಗೆಯಲ್ಲಿ. ಎದ್ದು ನಿಂತಾಗ ಜನ ಮೊದಲೇ ನಗಲು ತಯಾರಾದರು, ಹೆಲ್ಮಿ ಎದ್ದಿದ್ದಾಳೆ ಎಂದರೆ ಯಾರದೋ ಮಾನ ಹೋಗುತ್ತದೆ ಎಂದು. ಆ ನಗು ಅವರ ಮುಖದಿಂದ ಇಳಿಯುವುದನ್ನು ನೋಡುತ್ತ ನಿಂತು ಹೇಳಿ ಮುಗಿಸಿದೆ. ಯಾರೋ ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇದ್ದರು. ಪಾದ್ರಿ ಎದ್ದು ಕ್ಷಮೆಯ ವಿಷಯ ಶುರು ಮಾಡಿದರು. "ನೀವು ಸ್ವಲ್ಪ ಕೂತ್ಕೊಳ್ಳಿ, ನಿಮ್ಮದು ಒಂದು ಮೂಲಂಗಿನೂ ಹೋಗಿಲ್ಲ" ಎಂದೆ. ಸೈಮಿಗೆ ಅಲ್ಲಿ ಸ್ವಲ್ಪ ನಗು ಬಂತೆಂದು ಕಾಣುತ್ತದೆ, ಕೆಮ್ಮಿದಳು. ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಅಲ್ಲಿಂದ ನೇರ ಡೆಲ್ಬರ್ಟನ ಮನೆಗೆ ಹೋದೆ, ನನ್ನ ಆರು ಲೋಟಗಳನ್ನು ಹಿಡಿದುಕೊಂಡು. ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. "ತಪ್ಪಾಯ್ತು" ಎಂದೆ. "ಏನಂದ್ರಿ?" ಎಂದ. ಎರಡನೇ ಸಲ ಹೇಳಬೇಕಾಯಿತು. ಮೊದಲನೆಯದು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು ಎಂದು ನನ್ನ ಅನುಮಾನ, ಹಾಗಿದ್ದರೆ ಅವನ ಬಗ್ಗೆ ನನಗೆ ಸ್ವಲ್ಪ ಗೌರವ ಬರುತ್ತದೆ. ಆಮೇಲೆ ಲೋಟಗಳನ್ನು ಬೆಳಕಿಗೆ ಹಿಡಿದು, "ಎಷ್ಟನೇ ದಿನಕ್ಕೆ ಮಡಚ್ಕೊಳ್ತು?" ಎಂದು ಕೇಳಿ, ಪುಸ್ತಕ ತೆಗೆದು ಬರೆದುಕೊಂಡ. ನಾನು ಮಾನ ಬಿಟ್ಟು ನಿಂತಿದ್ದೇನೆ, ಇವನು ಬರೆದುಕೊಳ್ಳುತ್ತಾನೆ. ಇನ್ನೇನು ಮಾಡುವುದು ಎಂದು ಕೇಳಿದೆ. ಲದ್ದಿಯನ್ನು ಅದೇ ಹುಲ್ಲುಗಾವಲಿಗೇ ಹರಡಬೇಕಂತೆ. ಹುಲ್ಲನ್ನು ಯಾರಿಗೂ ಕೊಡಬಾರದು. ಚರ್ಚಿನ ಪಾತಿಗಳನ್ನು ಎರಡು ವರ್ಷ ಮಗುಚುತ್ತ, ಗಾಳಿ ಆಡಿಸುತ್ತ, ಜೋಳ ಅಥವಾ ಹುಲ್ಲು ಬೆಳೆಯುತ್ತ ಇರಬೇಕು. ಆ ವಿಷವನ್ನು ತಿನ್ನುವವರು ಮಣ್ಣಿನೊಳಗೇ ಇದ್ದಾರೆ, ನಾನು ಚರ್ಚಿಗೆ ಕರೆಯಿರಿ ಎಂದು ಗೇಲಿ ಮಾಡಿದ್ದೆನಲ್ಲ, ಅವರೇ. ಕಣ್ಣಿಗೆ ಕಾಣದವರು. ಬೆಚ್ಚಗೆ, ಹಸಿಯಾಗಿ, ಉಸಿರಾಡಲು ಜಾಗವಿಟ್ಟು ನೋಡಿಕೊಂಡರೆ ನಿಧಾನಕ್ಕೆ ಎಲ್ಲವನ್ನೂ ಅರಗಿಸಿಕೊಳ್ಳುತ್ತಾರಂತೆ. "ಸತ್ತ ಮಣ್ಣಾಗಿದ್ರೆ ವಿಷ ಹಾಗೇ ಕೂತಿರೋದು. ಇದು ಜೀವ ಇರೋ ಮಣ್ಣು, ದಾರಿ ಹುಡ್ಕೊಳ್ಳುತ್ತೆ" ಎಂದ. ಹುಟ್ಟಿದಾಗಿನಿಂದ ಈ ಮಣ್ಣಿನ ಮೇಲೆ ನಡೆದಿದ್ದೇನೆ, ನನಗೆ ಅದು ಕಾಲಿನ ಕೆಳಗೆ ಬಿದ್ದಿರುವ ವಸ್ತುವಾಗಿತ್ತು. ನನ್ನ ಅಮ್ಮನ ತಿಪ್ಪೆ ಅದರ ಪಾಡಿಗೆ ಆಗುತ್ತಿತ್ತು ಎಂದೆನಲ್ಲ, ಅದೂ ಸುಳ್ಳು. ಅವಳು ವಾರಕ್ಕೊಮ್ಮೆ ಸಲಿಕೆ ಹಿಡಿದು ಹೋಗುತ್ತಿದ್ದಳು. ನಾನು ಜೊತೆಗೆ ಹೋಗುತ್ತಿರಲಿಲ್ಲ, ವಾಸನೆ ಎಂದು.

ಮನೆ ಮಾರುವ ವಿಷಯ ಕೇಳಿದೆ. "ಇನ್ನೂ ಗೊತ್ತಿಲ್ಲ" ಎಂದ. ಪೆಟ್ಟಿಗೆ ತುಂಬುವುದನ್ನು ಮಾತ್ರ ನಿಲ್ಲಿಸಿದ್ದ. ನನಗೆ ಕಾಫಿ ಕೊಟ್ಟ. ಕಾಫಿ ಕೆಟ್ಟದಾಗಿತ್ತು, ಹೇಳಿದೆ.

ಕಾಲಿಗೆ ರಾತ್ರಿ ಎಣ್ಣೆ ಹಚ್ಚಿಕೋ, ಉಪ್ಪು ಕಡಿಮೆ ತಿನ್ನು, ಅಡುಗೆಯವನಿಗೆ ನನ್ನ ಪರವಾಗಿ ನಾಲ್ಕು ಮಾತು ಅನ್ನು. ಆ ಕಡೆಯ ನೀರು ನಿಮ್ಮ ಹಡಗಿಗೆ ಶಾಂತವಾಗಿರಲಿ.

ನಿನ್ನ
ಹೆಲ್ಮಿ

ಮರೆತೆ: ನಿಜವಾಗಿ ಬರೆಯಲು ಕೂತದ್ದು ಇದನ್ನು. ನಮ್ಮ ಸೌನಾದ, ಆ ಹಬೆಸ್ನಾನದ ಮನೆಯ ಹಿಂದೆ, ನೀನು ನಿವೃತ್ತಿಯಾದ ಮೇಲೆ ದೋಣಿ ಕಟ್ಟುವ ಮನೆಗೆಂದು ಬಿಟ್ಟಿದ್ದ ಅರ್ಧ ಎಕರೆಯನ್ನು ಆ ಹದಿನೆಂಟು ಮನೆಯವರಿಗೆ ಕೊಟ್ಟಿದ್ದೇನೆ. ಅವರ ಪಾತಿಗಳು ಸರಿಹೋಗುವವರೆಗೆ ಎಂದು ಹೇಳಿದ್ದೇನೆ, ಆದರೆ ಒಮ್ಮೆ ಬೇರು ಬಿಟ್ಟವರನ್ನು ನಾನು ಎಬ್ಬಿಸುವುದಿಲ್ಲ. ನಿನ್ನನ್ನು ಕೇಳಬೇಕಿತ್ತು. ಕೇಳಿದ್ದರೆ "ಯೋಚನೆ ಮಾಡೋಣ" ಎನ್ನುತ್ತಿದ್ದೆ, ಅಷ್ಟರಲ್ಲಿ ನೆಲ ಹೆಪ್ಪುಗಟ್ಟುತ್ತಿತ್ತು. ಮಂಗಳವಾರ ಟ್ರ್ಯಾಕ್ಟರ್ ಬಂದು ಉಳುಮೆ ಆಗಿಹೋಯಿತು. ನೀನು ಜನವರಿಯಲ್ಲಿ ಬರುವ ಹೊತ್ತಿಗೆ ಅದರ ಮೇಲೆ ಮೂರಡಿ ಹಿಮ ಇರುತ್ತದೆ, ನಾನು ಸುಮ್ಮನಿದ್ದರೆ ನಿನಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ.